ಪಾಳಿಗೆ ಸೇರದ ಹೂವು

ಸರಸಂಬಾದಲ್ಲಿ ಹೂಗಾರರ ಮನೆತನ ಒಂದೇ ಒಂದು. ಒಂದೇ ಆದರೂ ಅದಕ್ಕೆ ಸ್ವಂತ ರಾಜ್ಯವಿತ್ತು. ನಲವತ್ತು ಬಾಗಿಲು, ಎರಡು ಗುಡಿ, ಇಷ್ಟು ಅದರ ವಿಸ್ತಾರ. ಕಿರೀಟದ ಬದಲು ಒಂದು ಬಿದಿರಿನ ಬುಟ್ಟಿ. ಆ ಬುಟ್ಟಿ ಹೊತ್ತವರು ಹೊತ್ತು ಹುಟ್ಟುವ ಮುಂಚೆ ಮನೆಮನೆಗೆ ಪತ್ರಿ, ಹೂವು ಮುಟ್ಟಿಸಬೇಕು. ಸುಗ್ಗಿ ಬಂದಾಗ ಆ ಮನೆಗಳವರು ಜೋಳದ ರಾಶಿಯಿಂದ ಹೂಗಾರರ ಪಾಲು ಹಾಕಬೇಕು. ತಹಶೀಲ್ದಾರರು ಬದಲಾದರು, ಸರ್ಕಾರಗಳು ಬದಲಾದವು, ನಿಜಾಮನೇ ಹೊರಟುಹೋದ. ಬುಟ್ಟಿಯ ರಾಜ್ಯಕ್ಕೆ ಮಾತ್ರ ಗೀರೂ ಬೀಳಲಿಲ್ಲ.

ಈ ರಾಜ್ಯಕ್ಕೆ ಇಬ್ಬರು ಒಡೆಯರು. ಅಣ್ಣ ಹಣಮಂತ್ರಾಯ, ತಮ್ಮ ಕಲ್ಯಾಣಪ್ಪ. ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯವರೆಗೆ ಅಣ್ಣನ ಪಾಳಿ, ಮುಂದಿನ ವರ್ಷ ತಮ್ಮನ ಪಾಳಿ. ಹಣಮಂತ್ರಾಯ ತನ್ನ ಪಾಳಿಯ ವರ್ಷದಲ್ಲಿ ಎಂದೂ ಬುಟ್ಟಿ ಹೊತ್ತವನಲ್ಲ. ಅದನ್ನು ಹೊರುತ್ತಿದ್ದವಳು ಅವನ ಹೆಂಡತಿ ಸುಂದರಬಾಯಿ. ಹಣಮಂತ್ರಾಯ ಬಸ್‌ ನಿಲ್ದಾಣದ ಹೋಟೆಲಿನಲ್ಲಿ ಕುಳಿತು, ಬುಟ್ಟಿ ಎಷ್ಟು ಭಾರವೆಂದು ಚಹಾ ಕುಡಿಯುವವರಿಗೆ ವಿವರಿಸುತ್ತಿದ್ದ. ಹದಿನಾರು ವರ್ಷ ಹೀಗೆ ದುಡಿದು, ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ, ಕಾಮಾಲೆ ಹತ್ತಿ ಆತ ತೀರಿಕೊಂಡ.

ದಿನಕರ್ಮ ಮುಗಿದ ಮರುದಿನ ಕಲ್ಯಾಣಪ್ಪ ಅಣ್ಣನ ಮನೆಗೆ ಬಂದು, ಕಣ್ಣೊರೆಸಿಕೊಂಡು, ಹೋಗುವಾಗ ಬುಟ್ಟಿ ಎತ್ತಿಕೊಂಡು ಹೋದ. ಆ ವರ್ಷದ ಪಾಳಿ ಇನ್ನೂ ಹತ್ತು ತಿಂಗಳು ಬಾಕಿಯಿತ್ತು, ಅದು ಅಣ್ಣನದು. ಸುಂದರಬಾಯಿ ಅವನ ಹಿಂದೆಯೇ ಹೊರಟು ಚಾವಡಿಗೆ ಹೋಗಿ ನಿಂತಳು.

ಚಾವಡಿಯಲ್ಲಿ ಜಗದೇವಪ್ಪ ಗೌಡರು ಲೋಡಿಗೆ ಒರಗಿ ಕುಳಿತಿದ್ದರು. ಊರಿನ ನ್ಯಾಯವೆಲ್ಲ ಅವರ ನಾಲಿಗೆಯ ಮೇಲೆ. ಸಾಕ್ಷಿ, ವಕೀಲ, ಕಾಗದ ಯಾವುದರ ಗೊಡವೆಯೂ ಅವರಿಗೆ ಬೇಕಿರಲಿಲ್ಲ.

"ಸುಂದರಬಾಯಿ, ನಿನ್ನ ದುಃಖ ನನಗ ತಿಳೀತದ," ಎಂದರು ಗೌಡರು. "ಆದರ ಪಾಳಿ ಅಂಬೂದು ಗಂಡಮಕ್ಕಳದು. ನಿಜಾಮನ ಕಾಲದ ಕಾಗದ ನನ್ನ ಟ್ರಂಕಿನಾಗ ಅದ. ಸೇವಂತಿ, ಚೆಂಡುಹೂವು, ಕಣಗಿಲ, ಮಲ್ಲಿಗಿ, ದಾಸವಾಳ, ಮ್ಯಾಲ ಬಿಲ್ವಪತ್ರಿ. ಐದು ಹೂವು, ಒಂದು ಪತ್ರಿ, ಗಂಡಮಕ್ಕಳಿಗೆ ಪಾಳಿ. ನಿನಗ ಇರಾಕಿ ಒಬ್ಬಾಕಿ ಮಗಳು. ಆಕೀನೂ ಜೇವರ್ಗಿಗಿ ಕೊಟ್ಟೀದಿ."

"ಗಂಡ ಸತ್ತಾಕಿ ಕೈಯಾಗಿನ ಹೂವು ಶುಭಕ್ಕ ನಡೆಯೂದಿಲ್ರಿ ಹ್ಯಾಂಗೂ," ಎಂದು ಕಲ್ಯಾಣಪ್ಪ ಒಂದು ಒಗ್ಗರಣೆ ಹಾಕಿದ.

ಗೌಡರ ತಲೆಯ ಮೇಲೆ ಗೋಡೆಗೆ ಬಸವಣ್ಣನವರ ಪಟ ತೂಗುಹಾಕಿತ್ತು. ಸುಂದರಬಾಯಿ ಆ ಪಟವನ್ನೊಮ್ಮೆ ನೋಡಿದಳು, ಗೌಡರನ್ನೊಮ್ಮೆ ನೋಡಿದಳು. ಚಾವಡಿಯಲ್ಲಿದ್ದವರೆಲ್ಲ ಅವಳ ಕಣ್ಣಿನ ಬೆನ್ನುಹತ್ತಿ ಅದೇ ದಾರಿಯಲ್ಲಿ ಹೋಗಿಬಂದರು. ಗೌಡರು ಕೆಮ್ಮಿದರು.

"ಆ ಮಾತು ಬಿಡು ಕಲ್ಯಾಣಪ್ಪ. ಆ ಮಾತು ಬ್ಯಾಡ. ಕಾಗದದ ಮಾತಷ್ಟ ಸಾಕು."

ಆ ಕಾಗದವನ್ನು ಬಿಚ್ಚಿ ಓದಿದವರು ಯಾರೂ ಇರಲಿಲ್ಲ. ಅದು ಉರ್ದುವಿನಲ್ಲಿತ್ತು. ಊರಲ್ಲಿ ಉರ್ದು ಓದಬಲ್ಲವರಿಗೇನೂ ಬರವಿರಲಿಲ್ಲ. ಆದರೆ ಗೌಡರು ಬಾಯಿಪಾಠ ಹೇಳುವ ಕಾಗದವನ್ನು ಬಿಚ್ಚಿ ಓದುವುದೆಂದರೆ ಗೌಡರನ್ನೇ ಬಿಚ್ಚಿ ನೋಡಿದಂತೆ.

"ಆಗಲಿ ಗೌಡ್ರ," ಎಂದಳು ಸುಂದರಬಾಯಿ. "ಆ ಐದು ಹೂವಿಗಿ, ಆ ಪತ್ರಿಗಿ ನಾ ಕೈ ಹಚ್ಚೂದಿಲ್ಲ. ಆದರ ಬಾಗಲಿಗಿ ಹೋಗೂದು ಬಿಡೂದಿಲ್ಲ."

"ಬರೇ ಕೈಲೆ ಹೋಗ್ತೀಯೇನ್ ವೈನಿ?" ಕಲ್ಯಾಣಪ್ಪ ನಕ್ಕ.

"ಅದು ನನ್ನ ಚಿಂತಿ. ನೀ ನಿನ್ನ ಚೆಂಡುಹೂವಿಗಿ ಹುಳ ಬೀಳದಂಗ ನೋಡ್ಕೊ."

ಮುಂದಿನ ದಾರಿ ಊರವರೆಲ್ಲ ಸೇರಿ ಅವಳಿಗೆ ಗೊತ್ತುಮಾಡಿಟ್ಟಿದ್ದರು. ಒಂದೋ ಜೇವರ್ಗಿಯಲ್ಲಿ ಮಗಳ ಮನೆ ಸೇರಬೇಕು, ಇಲ್ಲವೇ ಕಲ್ಯಾಣಪ್ಪನ ಪಡಸಾಲೆಯಲ್ಲಿ ಕುಳಿತು ಅವನ ಹೂವು ಪೋಣಿಸಿಕೊಡಬೇಕು. ಎರಡರಲ್ಲಿ ಯಾವುದಾದರೂ ಒಂದಕ್ಕೆ ಅವಳು ಹೂಂ ಅಂದ ದಿನ, ಹದಿನಾರು ವರ್ಷ ತಾನೇ ತುಳಿದ ನಲವತ್ತು ಬಾಗಿಲ ಮುಂದೆ ಅವಳು ಪರರ ಮನೆಯ ಆಳಾಗಿ ನಿಲ್ಲಬೇಕಾಗಿತ್ತು. ಅವಳಿಗೆ ಬೇಕಾದದ್ದು ಇಷ್ಟೇ: ಆ ಬಾಗಿಲುಗಳಲ್ಲಿ ತನ್ನ ಹೂವು ಹಿಡಿದು, ತನ್ನ ಹೆಸರಿನ ಮೇಲೆ ನಿಲ್ಲುವುದು. ಮಗಳಿಗೆ ಅವಳು ಹೇಳಿಕಳಿಸಿದಳು: "ನಿನ್ನ ಮನಿ ಚಹಾಕ್ಕ ಚೊಲೊ ಅದ. ಇರಾಕ ಅಲ್ಲ."

ಹೊಟ್ಟೆಪಾಡಿಗೆ ಆಳಂದದ ಕಡೆಯ ನೀರಾವರಿ ಕ್ಯಾಂಪಿನಲ್ಲಿ ಮಣ್ಣು ಹೊರಲು ಹೋದಳು. ಹೂವಿನ ಬುಟ್ಟಿ ಹೊತ್ತ ತಲೆ ಮಣ್ಣಿನ ಬುಟ್ಟಿಯನ್ನೂ ಹೊತ್ತಿತು. ಕ್ಯಾಂಪಿನ ಓವರ್‌ಸಿಯರರು ಕರಾವಳಿಯವರು. ಅವರ ಕ್ವಾರ್ಟರ್ಸ್ ಮುಂದೆ ಡಾಂಬರಿನ ಡ್ರಮ್ಮುಗಳನ್ನು ಅರ್ಧಕ್ಕೆ ಕೊಯ್ದು, ತಮ್ಮ ಊರಿನಿಂದ ಲಾರಿಯಲ್ಲಿ ತರಿಸಿದ ಕೆಂಪು ಮಣ್ಣು ತುಂಬಿ, ಅದರಲ್ಲಿ ಗಿಡ ಬೆಳೆಸಿದ್ದರು. ಮೊಣಕಾಲೆತ್ತರದ ಪೊದೆ, ಗಟ್ಟಿ ಹಸಿರೆಲೆ, ತುದಿಗೆ ಮುಷ್ಟಿಗಾತ್ರದ ಕೆಂಪು ಗೊಂಚಲು. ಒಂದು ಗೊಂಚಲಿನಲ್ಲಿ ಐವತ್ತು ಅರವತ್ತು ಪುಟ್ಟ ಹೂವು, ಒಂದೊಂದಕ್ಕೂ ನಾಲ್ಕು ಎಸಳು, ಸೂಜಿಯಂಥ ಉದ್ದ ಕೊಳವೆ. ಸುಂದರಬಾಯಿ ಬುಟ್ಟಿ ಕೆಳಗಿಟ್ಟು ನೋಡುತ್ತ ನಿಂತಳು. ಏಪ್ರಿಲ್ ತಿಂಗಳು. ಮೈಲು ದೂರದವರೆಗೆ ಬೇರೆ ಯಾವ ಹೂವೂ ಕಣ್ಣು ಬಿಟ್ಟಿರಲಿಲ್ಲ.

"ಇದ್ಯಾವ ಹೂವ್ರಿ ಅಕ್ಕಾರ?"

"ಇದಾ? ಕೇಪಳ," ಎಂದರು ಓವರ್‌ಸಿಯರರ ಹೆಂಡತಿ. "ನಮ್ಮ ಊರಲ್ಲಿ ಗುಡ್ಡೆ ತುಂಬ ತನ್ನಷ್ಟಕ್ಕೆ ಬರ್ತದೆ. ಇದು ಕಾಫಿ ಗಿಡದ ಸಂಬಂಧ ಅಂತೆ, ನಮ್ಮವರು ಹೇಳ್ತಾರೆ."

"ಕಾಫಿ ಅಂದ್ರ?"

ಆ ತಾಯಿ ಒಳಗೆ ಹೋಗಿ ಒಂದು ಸ್ಟೀಲ್ ಲೋಟದಲ್ಲಿ ತಂದುಕೊಟ್ಟರು. ಸುಂದರಬಾಯಿ ಮರ್ಯಾದೆಗೆ ಪೂರ್ತಿ ಕುಡಿದಳು. ಹುಣಸೆಬೀಜ ಸುಟ್ಟು ಕುದಿಸಿದ ಹಾಗಿತ್ತು. ಇಂಥ ಬೀಗರನ್ನು ಕಟ್ಟಿಕೊಂಡೂ ಈ ಹೂವು ಇಷ್ಟು ಚೆಂದ ನಗುತ್ತಿದೆಯಲ್ಲ ಎಂದು ಅವಳಿಗೆ ಗಿಡದ ಮೇಲೆ ಗೌರವ ಹುಟ್ಟಿತು.

"ಒಂದೀಟು ಕಡ್ಡಿ ಕೊಡ್ತೀರೇನ್ರಿ?"

"ಕೊಡ್ಲಿಕ್ಕೇನು? ಆದ್ರೆ ನಿಮ್ಮ ಕಪ್ಪು ಮಣ್ಣಲ್ಲಿ ಇದು ಬದುಕೋದಿಲ್ಲ ಮಾರಾಯ್ತಿ. ಸುಮ್ಮನೆ ಕಷ್ಟ."

ಬದುಕುವುದಿಲ್ಲ! ಈ ಒಂದು ಮಾತನ್ನು ಅವರು ಆಡದೆ ಇದ್ದಿದ್ದರೆ ಸುಂದರಬಾಯಿ ಬಹುಶಃ ಒಂದು ಕಡ್ಡಿಯೊಯ್ದು ಹಿತ್ತಲಿಗೆ ಚುಚ್ಚಿ ಮರೆತುಬಿಡುತ್ತಿದ್ದಳು. ಈಗ ಹನ್ನೆರಡು ಕಡ್ಡಿ ಕೇಳಿದಳು.

ಹನ್ನೆರಡರಲ್ಲಿ ಏಳು ಚಿಗುರಿದವು. ಹಿತ್ತಲಿನ ಎರೆಮಣ್ಣನ್ನು ಮೊಣಕಾಲುದ್ದ ತೋಡಿ ತೆಗೆದು, ದಿಬ್ಬದಿಂದ ಕೆಂಪು ಗರಸು ಮಣ್ಣು ಹೊತ್ತು ತಂದು ತುಂಬಿ, ಅದರಲ್ಲಿ ನೆಟ್ಟಳು. ಸೇದುವ ಬಾವಿಯಿಂದ ದಿನಕ್ಕೆ ಹದಿನಾಲ್ಕು ಕೊಡ ನೀರು. ಕಲ್ಯಾಣಪ್ಪ ಬೇಲಿಯಾಚೆಯಿಂದ ನೋಡಿ ಊರಿಗೆ ಹೇಳಿಬಂದ: "ವೈನಿ ಕಾಫಿ ತೋಟ ಮಾಡ್ಯಾಳ್ರೆಪೊ!" ಅಂದಿನಿಂದ ಅವಳಿಗೆ ಕಾಫಿಬಾಯಿ ಎಂಬ ಬಿರುದು ಬಂತು. ಹೋಟೆಲಿನ ಮುಂದೆ ಹಾದುಹೋಗುವಾಗ ಯಾರಾದರೂ "ಏನ್ರಿ ಕಾಫಿಬಾಯಿ!" ಎಂದು ಕೂಗಿದರೆ ಅವಳು ನಿಲ್ಲದೆ ಹೇಳುತ್ತಿದ್ದಳು: "ಹೌದ್ರೀ, ಸಕ್ರಿ ಕಮ್ಮಿ!"

ಬಿರುದೇನೋ ಬಂತು, ಹೂವು ಬರಲಿಲ್ಲ. ಎರಡನೆಯ ವರ್ಷಕ್ಕೆ ಎಲೆಗಳು ಹಳದಿಯಾದವು. ನರಗಳಷ್ಟೇ ಹಸಿರು, ನಡುವಿನದೆಲ್ಲ ಬಿಳಚು. ಸಗಣಿ ಹಾಕಿದಳು, ಬೂದಿ ಹಾಕಿದಳು. ಬೂದಿ ಹಾಕಿದ ಮೇಲೆ ಇನ್ನಷ್ಟು ಬಿಳಚಿದವು. ಕಪ್ಪು ನೆಲದ ಸುಣ್ಣದ ನೀರು ಗಿಡದ ಗಂಟಲು ಹಿಸುಕುತ್ತಿತ್ತು. ಕಲ್ಯಾಣಪ್ಪ ದಿನಾ ಬೇಲಿಯಾಚೆ ನಿಂತು, ಸಂತಾಪ ಸೂಚಿಸುವ ಮುಖ ಮಾಡಿಕೊಂಡು, ಸಂತೋಷವಾಗಿ ಹಲ್ಲುಜ್ಜುತ್ತಿದ್ದ.

ಆಗ ಯುದ್ಧಭೂಮಿಗೆ ಬಂದವರು ನರ್ಸ್ ಶಮ್ಸುನ್ನಿಸಾ. ಹತ್ತು ಹಳ್ಳಿಗಳ ಬಸುರಿ ಬಾಣಂತಿಯರೆಲ್ಲ ಅವರ ಕೈಕೆಳಗೆ. ಕೈಯಲ್ಲಿ ಚೀಲ, ಕಾಲಲ್ಲಿ ಪ್ಲಾಸ್ಟಿಕ್ ಚಪ್ಪಲಿ, ಬಾಯಲ್ಲಿ ಬೈಗುಳ. ಒಂದು ದಿನ ಸುಂದರಬಾಯಿಯ ಕಟ್ಟೆಯ ಮೇಲೆ ಕುಳಿತು ಪಕ್ಕದ ಮನೆಯ ಬಸುರಿ ಸೊಸೆಯ ಕಣ್ಣಿನ ರೆಪ್ಪೆ ಕೆಳಗೆಳೆದು ಅಬ್ಬರಿಸುತ್ತಿದ್ದರು.

"ನೋಡ ಬೇ, ಹ್ಯಾಂಗ ಬಿಳಚೀದಿ! ರಕ್ತ ಇಲ್ಲ, ಕಬ್ಬಿಣದ ಅಂಶ ಇಲ್ಲ. ಹೋದ ತಿಂಗಳ ಗುಳಿಗಿ ಕೊಟ್ಟೀನಲ್ಲ, ಎಲ್ಲಿ ಹೋದವು?"

"ತಗೋಳ್ಳಾಕತ್ತೇನ್ರಿ ಬಾಯರ," ಎಂದಳು ಹುಡುಗಿ, ಪಕ್ಕದ ತನ್ನ ಮನೆಯ ಕಡೆಗೆ ನೋಡುತ್ತ. ಗುಳಿಗೆಗಳು ಆ ಮನೆಯ ಜಂತಿಯ ಸಂದಿಯಲ್ಲಿದ್ದವು. ಊರಿನ ಎಲ್ಲಾ ಬಸುರಿಯರ ಗುಳಿಗೆಗಳೂ ತಮ್ಮ ತಮ್ಮ ಮನೆಯ ಜಂತಿಯಲ್ಲೇ ಇದ್ದವು. ಅದನ್ನು ನುಂಗಿದರೆ ಕೂಸು ಕಪ್ಪಗೆ ಹುಟ್ಟುತ್ತದೆಂದು ಅತ್ತೆಯಂದಿರು ತೀರ್ಪು ಕೊಟ್ಟಿದ್ದರು.

ಸುಂದರಬಾಯಿ ಆ ಹುಡುಗಿಯ ಕಣ್ಣಿನ ಒಳಬದಿ ನೋಡಿದಳು. ಎದ್ದು ಹಿತ್ತಲಿಗೆ ಹೋಗಿ ಎಲೆ ನೋಡಿದಳು. ಕಟ್ಟೆಗೆ ಬಂದು ಮತ್ತೆ ಕಣ್ಣು ನೋಡಿದಳು. ಅದೇ ಬಣ್ಣ.

ಮರುದಿನದಿಂದ ಊರಿನ ಜಂತಿಗಳೆಲ್ಲ ಖಾಲಿಯಾಗತೊಡಗಿದವು. ಸುಂದರಬಾಯಿ ಉಡಿಯೊಡ್ಡಿ ಬಂದರೆ ಸೊಸೆಯಂದಿರು ಪೀಡೆ ಕಳೆಯಿತೆಂದು ಸುರಿದುಕೊಟ್ಟರು. ಅವಳು ಗುಳಿಗೆ ಕುಟ್ಟಿ ಪುಡಿಮಾಡಿ, ಎರಡು ದಿನದ ಹುಳಿ ಮಜ್ಜಿಗೆಯಲ್ಲಿ ಕಲಸಿ, ವಾರಕ್ಕೊಮ್ಮೆ ಬುಡಕ್ಕೆ ಸುರಿದಳು. ಮಜ್ಜಿಗೆ ಯಾಕೆಂದರೆ, ಕಹಿ ಔಷಧವನ್ನು ಯಾರಾದರೂ ಒಣಗಂಟಲಿಗೆ ಹಾಕುತ್ತಾರೆಯೇ? ಕೃಷಿ ಕಾಲೇಜಿನವರು ಕೇಳಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರೋ ತಲೆದೂಗುತ್ತಿದ್ದರೋ ಗೊತ್ತಿಲ್ಲ. ಗಿಡ ಮಾತ್ರ ತಲೆಯೆತ್ತಿತು. ಎರಡು ತಿಂಗಳಲ್ಲಿ ಹಳದಿ ಹೋಯಿತು. ಆರು ತಿಂಗಳಿಗೆ ತುದಿತುದಿಯಲ್ಲಿ ಕೆಂಪು ಸೂಜಿಗಳು ಮೂಡಿದವು.

ನರ್ಸಿಗೂ ಪರಮಾನಂದ. ಸರಸಂಬಾದ ಗುಳಿಗೆಗಳು ಹಿಂದೆಂದೂ ಇಷ್ಟು ಬೇಗ ಖರ್ಚಾಗಿರಲಿಲ್ಲ. ಆದರೆ ರೆಪ್ಪೆ ಎಳೆದು ನೋಡಿದರೆ ಎಲ್ಲರೂ ಮೊದಲಿನಷ್ಟೇ ಬಿಳಚು. ಇದೇನು ಮಾಯೆಯೆಂದು ಹುಡುಕುತ್ತ ಬಂದವರಿಗೆ ಹಿತ್ತಲಿನಲ್ಲಿ ಒರಳು, ಒರಳಿನಲ್ಲಿ ಗುಳಿಗೆ, ಪಕ್ಕದಲ್ಲಿ ಒನಕೆ ಹಿಡಿದ ಸುಂದರಬಾಯಿ ಸಿಕ್ಕಳು.

"ಯಾ ಅಲ್ಲಾ! ಸರ್ಕಾರ ಇದನ್ನ ಬಸರೀರಿಗಿ ಕೊಟ್ಟದ್ದು, ಗಿಡಕ್ಕಲ್ಲ!"

"ಇದೂ ಬಸರೀನ ಅದರಿ ಬಾಯರ," ಎಂದಳು ಸುಂದರಬಾಯಿ. "ನೋಡ್ರಿಲ್ಲಿ, ಮೊಗ್ಗಿ ಹಿಡದಾದ."

ಶಮ್ಸುನ್ನಿಸಾ ಅರ್ಧ ಗಂಟೆ ಬೈದರು. ಉರ್ದುವಿನಲ್ಲಿ ಒಂದು ಸುತ್ತು, ಕನ್ನಡದಲ್ಲಿ ಒಂದು ಸುತ್ತು. ಬೈದು ಸುಸ್ತಾಗಿ ನೀರು ಕೇಳಿದರು. ನೀರು ಕುಡಿಯುತ್ತ ಗಿಡವನ್ನು ನೋಡಿದರು. ನಾಲ್ಕು ವರ್ಷದಿಂದ ಬಾಯಿ ಹರಿಯುವಂತೆ ಹೇಳಿದರೂ ಒಬ್ಬಳ ಗಂಟಲಿಗೂ ಇಳಿಯದ ಗುಳಿಗೆ ಇಲ್ಲಿ ಹಸಿರಾಗಿ ನಿಂತಿತ್ತು.

"ಕೇಳು," ಎಂದರು ಕೊನೆಗೆ. "ಇನ್ನ ಮ್ಯಾಲ ಒಂದು ಗುಳಿಗಿ ಗಿಡಕ್ಕ ಬಿದ್ದರ ನಿನ್ನ ಕೈ ಮುರೀತೇನಿ. ಗಿಡಕ್ಕ ಬೇಕಂದ್ರ ತುಕ್ಕು ಹಿಡದ ಮೊಳಿ ಹಾಕು. ಆದರ ನೀ ನನಗೊಂದು ಕೆಲಸ ಮಾಡು. ಈ ಎಲಿ ಆ ಹುಡುಗೇರಿಗಿ ತೋರಸು. ಮೊದಲ ಹ್ಯಾಂಗಿತ್ತು, ಈಗ ಹ್ಯಾಂಗಾಗ್ಯಾದ ನೋಡ್ರಿ ಅನ್ನು. ನಿನ್ನೆದುರಿಗಿ ಗುಳಿಗಿ ನುಂಗಿದಾಕಿಗಿ ಒಂದು ಗೊಂಚಲ ಕೊಡು. ನುಂಗದಾಕಿಗಿ ಕೊಡಬ್ಯಾಡ."

ಹೀಗೆ ನೀಲಿ ಅಂಚಿನ ಬಿಳಿ ಸೀರೆಯುಟ್ಟ ಸರ್ಕಾರವೇ ಕೈ ಹಿಡಿದು ಸುಂದರಬಾಯಿಯನ್ನು ಮತ್ತೆ ಬಾಗಿಲುಗಳ ಮುಂದೆ ತಂದು ನಿಲ್ಲಿಸಿತು. ಗುಳಿಗೆ ಹಾಕಿಕೊಂಡ ಗಿಡ ಕಪ್ಪಗಾಗಿಲ್ಲ, ಕೆಂಪಗೆ ಹೂ ಬಿಟ್ಟಿದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ ಅತ್ತೆಯಂದಿರ ತೀರ್ಪು ಮೆತ್ತಗಾಯಿತು. ಮೊದಲು ಮೂವರು ಬಸುರಿಯರು, ಆಮೇಲೆ ಒಂಬತ್ತು. ಗೊಂಚಲು ಮುಡಿದ ಸೊಸೆಯನ್ನು ನೋಡಿ ಬಸುರಿಯಲ್ಲದ ನಾದಿನಿಗೂ ಬೇಕಾಯಿತು. ಒಂದು ಗಿಡದಿಂದ ಹತ್ತು ಕಡ್ಡಿಯಂತೆ ಹಿತ್ತಲು ತುಂಬಿತು. ಅವಳು ಕೇಪಳವೆಂದು ಎಷ್ಟು ಹೇಳಿದರೂ ಊರವರ ಬಾಯಲ್ಲಿ ಅದು ಕಾಫಿಹೂವೇ ಆಯಿತು. ದಿನಾ ಬೆಳಿಗ್ಗೆ ಹಿತ್ತಾಳೆಯ ಪರಾತದಲ್ಲಿ ಹೂವಿಟ್ಟುಕೊಂಡು ಅವಳು ಹೊರಡುವಳು. ಮುಂದಿನ ಓಣಿಯಲ್ಲಿ ಕಲ್ಯಾಣಪ್ಪ ಬುಟ್ಟಿ ಹೊತ್ತು ಎದುರಾಗುವನು.

"ಅದೇನ್ ಹೂವೇನ್ರಿ?" ಎಂದು ಅವನು ಬಾಗಿಲು ಬಾಗಿಲಲ್ಲೂ ಸಾರಿದ. "ವಾಸನಿ ಇಲ್ಲ, ಹೆಸರಿಲ್ಲ. ಯಾವ ದೇವರೂ ಕೇಳಿಲ್ಲ ಅದನ್ನ. ಬೇಲಿ ಗಿಡ. ಅದಕ ಹೂವು ಅನ್ನೂದು ಹೂವಿಗಿ ಅವಮಾನ."

"ನಿನ್ನ ಕಣಗಿಲಕ್ಕ ಯಾವ ಅತ್ತರದ ವಾಸನಿ ಅದನೊ?" ಎಂದು ಅವಳು ಹಿಂದಿನಿಂದ ಕೇಳುವಳು. "ದಾಸವಾಳ ಎಂದಾರ ಮೂಸಿ ನೋಡೀದೇನು?"

ಎಂಬತ್ತನಾಲ್ಕರ ಮೇ ತಿಂಗಳಿನಲ್ಲಿ ಗೌಡರ ಮನೆಯಲ್ಲಿ ಮಗಳ ಮದುವೆ. ಕಲ್ಯಾಣಪ್ಪನ ಹೊಲದ ಹೂವೆಲ್ಲ ಬಿಸಿಲಿಗೆ ಸುಟ್ಟಿದ್ದರಿಂದ ಅವನು ಸೊಲ್ಲಾಪುರಕ್ಕೆ ಹೇಳಿ ಆರು ಮೂಟೆ ಚೆಂಡುಹೂವು ತರಿಸಿದ. ತಂದ ಟೆಂಪೋ ಅಕ್ಕಲಕೋಟೆಯ ಈಚೆಗೆ ಕೆಟ್ಟು, ಇಡೀ ದಿನ ರಣಬಿಸಿಲಿನಲ್ಲಿ ನಿಂತಿತು. ಮದುವೆಯ ಹಿಂದಿನ ದಿನ ಸಂಜೆ ಮೂಟೆ ಬಿಚ್ಚಿದರೆ, ಒಳಗಿದ್ದದ್ದು ಹೂವಲ್ಲ, ಪಲ್ಯ. ಉಪ್ಪು ಖಾರ ಹಾಕಿದ್ದರೆ ಪಂಕ್ತಿಗೆ ಬಡಿಸಬಹುದಿತ್ತು.

ಗೌಡರ ಹೆಂಡತಿ ಶಾರದಾಬಾಯಿ ಸ್ವತಃ ಸುಂದರಬಾಯಿಯ ಹಿತ್ತಲಿಗೆ ಬಂದರು. ಹಿತ್ತಲು ಕೆಂಪಗೆ ಉರಿಯುತ್ತಿತ್ತು.

"ಸುಂದರಬಾಯಿ, ಮರ್ಯಾದಿ ಉಳಸವ್ವಾ. ಮಾಲಿ, ದಂಡಿ, ಚಪ್ಪರ... ಎಲ್ಲಾ ಆಗಬೇಕು. ಆದರ..." ಅವರು ಸೆರಗಿನ ತುದಿ ತಿರುವಿದರು. "ನಿನ್ನ ಕೈಯಿಂದ ಶುಭಕಾರ್ಯಕ್ಕಂದ್ರ ಮಂದಿ ಏನಂತಾರೊ."

"ಗೌಡಶಾನಿಯವರ, ಮದಿವ್ಯಾಗ ಮಂದಿ ಹೂವು ನೋಡ್ತಾರೊ, ಕೈ ನೋಡ್ತಾರೊ? ಕೈ ನೋಡಾವರಿದ್ರ ಕಲ್ಯಾಣಪ್ಪನ ಕೈ ಖಾಲಿ ಅವ, ಚಪ್ಪರಕ್ಕ ಕಟ್ರಿ."

ಗೌಡಶಾನಿಗೆ ನಗು ತಡೆಯಲಾಗಲಿಲ್ಲ. ಬಳೆ ಮೇಲೇರಿಸಿ ತಾವೇ ಹೂ ಬಿಡಿಸಲು ಕುಳಿತರು. ಈ ಹೂವಿನ ಕೊಳವೆಯನ್ನು ಇನ್ನೊಂದು ಹೂವಿನ ಬಾಯಿಗೆ ಚುಚ್ಚುತ್ತ ಹೋದರೆ ಸೂಜಿ ದಾರ ಇಲ್ಲದೆಯೇ ಸರ ಆಗುತ್ತದೆ. ಓವರ್‌ಸಿಯರರ ಮಗಳು ಆಡುವಾಗ ಹಾಗೆ ಮಾಡಿದ್ದನ್ನು ಸುಂದರಬಾಯಿ ನೋಡಿಟ್ಟುಕೊಂಡಿದ್ದಳು. ಮರುದಿನ ವಧುವಿನ ಹಣೆಗೆ ಕಟ್ಟಿದ ದಂಡಿಯಲ್ಲಿ ದಾರವಿಲ್ಲದ ಆ ಸರ ಕಂಡು, ನಿಂಬರ್ಗಾದಿಂದ ಬಂದ ಬೀಗರು ಹತ್ತಿರ ಬಂದು ಕಣ್ಣು ಕಿರಿದುಮಾಡಿ ದಾರ ಹುಡುಕಿದರು. ಸಿಗಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಬೀಗರೇ ಬಾಡಿದರು, ಚಪ್ಪರದ ಗೊಂಚಲು ಬಾಡಲಿಲ್ಲ.

ಮದುವೆಯಾಗಿ ಮೂರನೆಯ ದಿನ ಕಲ್ಯಾಣಪ್ಪ ಚಾವಡಿಗೆ ದೂರು ಒಯ್ದ. ಊರೆಲ್ಲ ಸೇರಿತು. ಹೆಂಗಸರು ಕಟ್ಟೆಯ ಕೆಳಗೆ, ಬೇವಿನ ನೆರಳಿನಲ್ಲಿ ನಿಂತರು.

"ಗೌಡ್ರ, ನ್ಯಾಯ ಬೇಕ್ರಿ," ಎಂದ ಅವನು. "ನಿಮ್ಮ ಮನಿ ಮದಿವ್ಯಾಗ ಆ ಗಿಡದ್ದು ಮಾಲಿ ಆಯ್ತು, ದಂಡಿ ಆಯ್ತು. ಅಂದ ಮ್ಯಾಲ ಅದು ಹೂವ. ಹೂವು ಅಂದ ಮ್ಯಾಲ ಪಾಳಿಗಿ ಬಂತು. ಪಾಳಿ ನಂದು. ಹಿತ್ತಲದಾಗಿನ ಗಿಡ ಎಲ್ಲಾ ನನ್ನ ಕಡೀಗಿ ಬಿಡಬೇಕು."

"ಲೇ ಕಲ್ಯಾಣ್ಯಾ," ಎಂದಳು ಸುಂದರಬಾಯಿ, "ಹೋದ ವಾರದ ತನಕ ಅದು ಹೂವ ಅಲ್ಲಂತ ನಲವತ್ತು ಬಾಗಲಿಗಿ ಹೇಳೀದಿ. ಟೆಂಪೋ ಕೆಟ್ಟಕೂಡಲೆ ಹೂವಾಯಿತೇನು?"

ಬೇವಿನ ಕೆಳಗೆ ನಗೆ ಸಿಡಿಯಿತು. ಗೌಡರು ಕೈಯೆತ್ತಿದರು. ತಮ್ಮ ಮನೆಯ ಮದುವೆಯೇ ಸಾಕ್ಷಿಯಾಗಿ ನಿಂತದ್ದು ಅವರಿಗೆ ಇರುಸುಮುರುಸಾಗಿತ್ತು.

"ಕಾಗದದಾಗ ಹ್ಯಾಂಗದನೊ ಹಾಂಗ," ಎಂದರು.

"ಹಂಗಾರ ಕಾಗದ ತೆಗೀರಿ ಗೌಡ್ರ."

ಇದನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಗೌಡರು ಬೇರೆ ದಾರಿ ಹುಡುಕುವುದರೊಳಗೆ ಗೌಡಶಾನಿ ಮನೆಯಿಂದ ಟ್ರಂಕನ್ನೇ ಹೊರಿಸಿಕೊಂಡು ಬಂದಿದ್ದರು. ಕಾಗದಕ್ಕೆ ಸುತ್ತಿದ್ದ ಅರಿವೆ ಬಿಚ್ಚಿದರು. ಕಂದುಬಣ್ಣದ ಕಾಗದ, ಮೇಲೆ ಮುದ್ರೆ, ಕೆಳಗೆ ಇರುವೆಸಾಲಿನಂಥ ಬರಹ. ಗೌಡರು ಹುಡುಗರಿದ್ದಾಗ ಎರಡು ವರ್ಷ ಉರ್ದು ಶಾಲೆಗೆ ಹೋದವರು. ಕಾಗದವನ್ನು ದೂರ ಹಿಡಿದರು, ಹತ್ತಿರ ಹಿಡಿದರು.

"ಕಣ್ಣಿನ ಚಾಳೀಸ ಆಳಂದಕ್ಕ ರಿಪೇರಿಗಿ ಕೊಟ್ಟೀನಿ," ಎಂದರು. "ನರ್ಸಬಾಯರ, ನೀವ ಓದ್ರಿ."

ಹೆಂಗಸರ ನಡುವೆ ನಿಂತಿದ್ದ ಶಮ್ಸುನ್ನಿಸಾ ಕಟ್ಟೆ ಹತ್ತಿದರು. ಅವರ ಮನಸ್ಸಿನಲ್ಲಿ ಒರಳಿನಲ್ಲಿ ಕುಟ್ಟಿಸಿಕೊಂಡ ಗುಳಿಗೆಗಳ ಕೋಪ ಇನ್ನೂ ಪೂರಾ ಆರಿರಲಿಲ್ಲ ಎಂಬುದು ಸುಂದರಬಾಯಿಗೆ ಗೊತ್ತಿತ್ತು.

"ಗುಲ್‌ದಾವ್ದಿ ಅಂದ್ರ ಸೇವಂತಿ," ನರ್ಸಿನ ಬೆರಳು ಸಾಲಿನ ಮೇಲೆ ಸರಿಯಿತು. "ಗೇಂದಾ, ಚೆಂಡುಹೂವು. ಕನೇರ್, ಕಣಗಿಲ. ಮಲ್ಲಿಗಿ, ದಾಸವಾಳ, ಬೇಲ್‌ಪತ್ರಿ. ಬಸ್."

"ಎಲ್ಲಾ ಹೂವು ಅಂತ ಎಲ್ಲೂ ಬರದಿಲ್ಲೇನ್ರಿ?" ಕಲ್ಯಾಣಪ್ಪ ಕತ್ತು ಚಾಚಿದ.

"ಬರದಿಲ್ಲ. ಮುಂದ ಕೇಳು. ಹೂಗಾರರ ಮನೆತನ ಬುಟ್ಟಿ ಹೊತ್ತು ಹೂವು ಮುಟ್ಟಸಬೇಕು. ಮನೆತನ ಬ್ಯಾರಿ ಆಗಿ ಎರಡು ಒಲಿ ಆದ್ರ, ಒಂದು ವರ್ಷ ಒಂದು ಒಲಿಯವರು, ಇನ್ನೊಂದು ವರ್ಷ ಇನ್ನೊಂದು ಒಲಿಯವರು. ಖಲಾಸ್. ಕೆಳಗ ಸಹಿ."

"ಗಂಡಮಕ್ಕಳು?" ಎಂದರು ಗೌಡರು.

"ಇಲ್ರಿ ಗೌಡ್ರ. ಗಂಡಮಕ್ಕಳು ಅನ್ನೂ ಮಾತ ಇಲ್ಲ. ಒಲಿ ಅಂತ ಅದ. ಒಲಿಗಿ ಮೀಸಿ ಇರಬೇಕಂತ ಬರದಿಲ್ಲ."

ನಲವತ್ತು ವರ್ಷ ಊರು ತಲೆಬಾಗಿದ್ದ ಕಾಗದ, ಊರು ಹೇಳಿಕೊಂಡು ಬಂದ ಮಾತನ್ನು ಹೇಳಿರಲೇ ಇಲ್ಲ.

"ನನ್ನ ಒಲಿ ಒಂದು ದಿನಾನೂ ಆರಿಲ್ರಿ," ಎಂದಳು ಸುಂದರಬಾಯಿ. ಐದು ವರ್ಷ ಮಣ್ಣು ಹೊತ್ತದ್ದು, ಹದಿನಾಲ್ಕು ಕೊಡ ನೀರು ಸೇದಿದ್ದು, ಅದಕ್ಕೆಲ್ಲ ಅಗತ್ಯವೇ ಇರಲಿಲ್ಲವೆಂದು ಆ ಇರುವೆಸಾಲು ಹೇಳುತ್ತಿತ್ತು. ಅಳು ಬರಬೇಕಾದ ಜಾಗದಲ್ಲಿ ಅವಳಿಗೆ ಸಿಟ್ಟು ಬಂತು.

ಗೌಡರು ಎಷ್ಟೆಂದರೂ ಗೌಡರು. ಬಿದ್ದ ಕಡೆಯೇ ಲೋಡು ಹಾಕಿಕೊಂಡು ಕೂರುವುದು ಅವರಿಗೆ ಗೊತ್ತಿತ್ತು.

"ಆಯ್ತು. ಇಬ್ಬರಿಗೂ ಚೊಲೊ ಆಗೂ ಹಾಂಗ ಮಾಡೂಣು. ಸುಂದರಬಾಯಿಗಿ ಆಕಿ ಪಾಳಿ ಕೊಡೂಣು. ಕೆಂಪು ಹೂವು ಆರನೇದು ಅಂತ ಕಾಗದದಾಗ ಸೇರಸೂಣು. ಆಕಿ ಪಾಳಿ ಬಂದಾಗ ಎಲ್ಲಾ ಆಕೀದು, ಕಲ್ಯಾಣಪ್ಪನ ಪಾಳಿ ಬಂದಾಗ ಎಲ್ಲಾ ಅವಂದು. ಹ್ಯಾಂಗ?"

ಕಲ್ಯಾಣಪ್ಪನ ಮುಖ ಅರಳಿತು. ಹಿರಿಯರು ತಲೆದೂಗಿದರು. ಐದು ವರ್ಷದ ಹಿಂದೆ ಇದೇ ಕಟ್ಟೆಯ ಮೇಲೆ ಇದರ ಅರ್ಧ ಸಿಕ್ಕಿದ್ದರೂ ಸುಂದರಬಾಯಿ ಕಾಲಿಗೆ ಬಿದ್ದು ಹೋಗುತ್ತಿದ್ದಳು.

"ಆಗೂದಿಲ್ರಿ," ಎಂದಳು ಅವಳು.

"ಹಠ ಮಾಡಬ್ಯಾಡವ್ವಾ."

"ಹಠ ಅಲ್ರಿ. ಪಾಳಿ ನೀವು ಕೊಡಾಕತ್ತದ್ದಲ್ಲ, ಕಸಗೊಂಡದ್ದು ಹೊಳ್ಳಿ ಬಂದದ್ದು. ಅದಕ್ಕ ನಾ ಯಾಕ ಬೆಲಿ ಕೊಡ್ಲಿ? ಗಿಡ ನಾ ಬೆಳಸೀನಿ. ಬಿಳಚಿ ಸಾಯಾಕತ್ತಾಗ ಅದು ಹೂವ ಅಲ್ಲಂತ ನಕ್ಕಾವರಿಗಿ, ಅರಳಿದ ಮ್ಯಾಲ ಪಾಲು ಇಲ್ಲ. ಪಾಳಿನೂ ನಂದು, ಗಿಡನೂ ನಂದು."

"ಎರಡೂ ಬೇಕಂದ್ರ ಹ್ಯಾಂಗ?"

"ಎರಡೂ ನಂದಿದ್ರ ಎರಡೂ ಬೇಕ್ರಿ."

"ಊರು ಒಪ್ಪಬೇಕಲ್ಲ," ಎಂದರು ಗೌಡರು. ದನಿಯಲ್ಲಿ ಸ್ವಲ್ಪ ಖಾರ ಸೇರಿತ್ತು. "ನಾಳಿಗಿ ಮಂದಿ ಬಾಗಲಾ ಹಾಕ್ಕೊಂಡ್ರ ಏನ್ ಮಾಡ್ತಿ?"

"ಬಾಗಲಾ ತೆಗಿಯಾವರು ಅಲ್ಲಿ ನಿಂತಾರ," ಅವಳು ಬೇವಿನ ಕಡೆ ಕೈ ಮಾಡಿದಳು. "ಅವರನ್ನ ಕೇಳ್ರಿ."

ಗೌಡರು ಆ ಕಡೆ ನೋಡಿದರು. ನಲವತ್ತು ಮನೆಯ ಹೆಂಗಸರು ನಿಂತಿದ್ದರು. ಎಲ್ಲರ ಮುಂದೆ ಟ್ರಂಕಿನ ಮೇಲೆ ಕುಳಿತಿದ್ದವರು ಗೌಡಶಾನಿ. ಅವರು ಗಂಡನನ್ನು ಸುಮ್ಮನೆ ನೋಡಿದರು, ಅಷ್ಟೇ. ಸರಸಂಬಾದ ನ್ಯಾಯದ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ಕಾಗದ ಇನ್ನೊಂದು ಹುಟ್ಟಿಲ್ಲ.

"ಕೆಂಪು ಹೂವಿನ ಮಾತು ಕಾಗದದಾಗಿಲ್ಲ," ಎಂದರು ಗೌಡರು, ತಾವೇ ಆಗಷ್ಟೇ ಕಂಡುಹಿಡಿದವರಂತೆ. "ಅದು ಆಕೀದು. ಪಾಳಿ ಬರೂ ಯುಗಾದಿಯಿಂದ ಒಲಿ ಪ್ರಕಾರ. ಏಳ್ರಿನ್ನ."

ಕಲ್ಯಾಣಪ್ಪ ಏಳಲಿಲ್ಲ. ಲೆಕ್ಕ ಅವನ ತಲೆಯಲ್ಲಿ ನಿಧಾನವಾಗಿ ಇಳಿಯುತ್ತಿತ್ತು.

"ಅಂದ್ರ, ನನ್ನ ಪಾಳಿ ಇದ್ದಾಗೂ ಆಕಿ ಬಾಗಲಾ ಬಾಗಲಾ ತಿರಗ್ತಾಳೇನ್ರಿ?"

"ತಿರಗ್ತೇನಿ," ಎಂದಳು ಸುಂದರಬಾಯಿ. "ನಿನ್ನ ಬಾಗಲದಿಂದನ ಚಾಲೂ ಮಾಡ್ತೇನಿ."

ಹೇಳಿದ ಹಾಗೆ ಮಾಡಿದಳು. ಮರುದಿನ ಸೂರ್ಯ ಮೂಡುವ ಹೊತ್ತಿಗೆ ಪರಾತ ಹೊತ್ತು ಮೈದುನನ ಬಾಗಿಲ ಮುಂದೆ ನಿಂತು, ಆ ಓಣಿಯವರೆಲ್ಲ ಎದ್ದು ಕೂರುವಂತೆ ಕೂಗಿದಳು. ಕಲ್ಯಾಣಪ್ಪ ಕದ ತೆರೆದ. ಹಿಂದೆ ಅವನ ಹೆಂಡತಿ ತಲೆ ಬಾಚಿಕೊಂಡು ತಯಾರಾಗಿ ನಿಂತಿದ್ದಳು. ಅವನು ಅತ್ತ ನೋಡಿದ, ಇತ್ತ ನೋಡಿದ. ಸುಂದರಬಾಯಿ ಎಲ್ಲೂ ನೋಡಲಿಲ್ಲ. ಹಿಡಿ ತುಂಬ ಗೊಂಚಲು ಎತ್ತಿ ಹಿಡಿದು, ಇನ್ನೂ ನಲವತ್ತು ಮನೆ ಬಾಕಿ ಇರುವುದು ಮರೆತವಳಂತೆ ನಿಂತೇ ಇದ್ದಳು. ಕೊನೆಗೆ ಅವನು ಒಳಗೆ ಹೋಗಿ ದೇವರ ಪೂಜೆಯ ತಾಟು ತಂದು ಎರಡೂ ಕೈಯಲ್ಲಿ ಚಾಚಿದ.